ವಿಠ್ಠಲ ವಿಹಾರದ ಸಂಜೆಗಳು

ಮೈಸೂರಿನ ಯಾದವಗಿರಿಯಲ್ಲಿ, ಇಂದಿನ ಆಕಾಶವಾಣಿ ನಿಲಯಕ್ಕೆ ಸುಮಾರು ಇನ್ನೂರು ಗಜಗಳ ದೂರದಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರ ಮನೆಯಿತ್ತು, ಅದಕ್ಕೆ ವಿಠ್ಠಲ ವಿಹಾರವೆಂದು ಹೆಸರು. 1935ನೆಯ ಇಸವಿ ಸೆಪ್ಟೆಂಬರ್ 10ನೆಯ ತಾರೀಖು ಮಂಗಳವಾರ, ಗಣೇಶನ ಹಬ್ಬ ಕಳೆದು ಭಾದ್ರಪದದ ಹುಣ್ಣಿಮೆ ಇನ್ನೇನು ಬರಬೇಕೆನ್ನುವ ದಿನಗಳಲ್ಲಿ, ಆ ಮನೆಯಿಂದ ಕನ್ನಡದ ಮಾತೂ ಕರ್ಣಾಟಕ ಸಂಗೀತವೂ ತಂತಿಯ ಹಂಗಿಲ್ಲದೆ ಹೊರಟು, ಊರಿನಲ್ಲಿ ಯಾರ ಯಾರ ಮನೆಯಲ್ಲಿ ರೇಡಿಯೋ ಪೆಟ್ಟಿಗೆಯಿದ್ದಿತೋ ಅವರವರ ಮನೆಗಳನ್ನು ಹೊಕ್ಕವು. ಆರಂಭದಲ್ಲಿ ಕವನವನ್ನು ಓದಿದವರು ಅದೇ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾಗಿದ್ದ, ಆಗಿನ್ನೂ ಮೂವತ್ತರ ಪ್ರಾಯದ ಕುವೆಂಪು. ಕವಿತೆಯ ಬೆನ್ನಿಗೆ ಸಂಗೀತ. ಕನ್ನಡನಾಡಿನ ಪ್ರಥಮ ಪ್ರಸಾರ ಕೇಂದ್ರವು ಹೀಗೆ ಒಬ್ಬ ಗೃಹಸ್ಥರ ಮನೆಯಲ್ಲಿ, ಒಂದು ಕವಿವಾಣಿಯಿಂದ, ಕಣ್ಣು ತೆರೆಯಿತು.

ಪ್ರೇಷಕ ಯಂತ್ರದ ಶಕ್ತಿ 30 ವ್ಯಾಟ್. ಮೊನ್ನೆ ಮೊನ್ನೆಯವರೆಗೆ ನಮ್ಮ ಬಚ್ಚಲುಮನೆಗಳಲ್ಲಿ ಉರಿಯುತ್ತಿದ್ದ ನಲವತ್ತರ ಬಲ್ಬು ಕೂಡ ಅದಕ್ಕಿಂತ ಹೆಚ್ಚಿನ ವಿದ್ಯುತ್ತನ್ನು ಬೇಡುತ್ತಿತ್ತೆಂಬುದನ್ನು ನೆನೆದರೆ, ಆ ಸಾಹಸದ ಗಾತ್ರ ಎಷ್ಟು ಕಿರಿದಾಗಿತ್ತು, ಧೈರ್ಯ ಎಷ್ಟು ಹಿರಿದಾಗಿತ್ತು ಎಂಬುದು ಮನಸ್ಸಿಗೆ ಬರುತ್ತದೆ. ಆಮೇಲೆ 250 ವ್ಯಾಟಿನ ಯಂತ್ರ ಬಂದಿತು. ದನಿ ಊರ ಎಲ್ಲೆಯನ್ನು ದಾಟಿತು. ಆದರೆ ನನಗೆ ಪ್ರಿಯವಾದದ್ದು ಆ ಮೊದಲನೆಯ ಪುಟ್ಟ ದೀಪದ ಕಾಲ. ಒಂದು ಸಂಸ್ಥೆ ತನ್ನ ಸ್ವಭಾವವನ್ನು ಪಡೆಯುವುದು ಅದು ಹುಟ್ಟಿದ ಮನೆಯಿಂದ ಎಂದು ನಂಬುವವನು ನಾನು. ಮೈಸೂರಿನ ಬಾನುಲಿಗೆ, ಅದರ ಮೂಲಕ ಕನ್ನಡದ ಬಾನುಲಿಗೆಲ್ಲ, ಹತ್ತಿರ ಕುಳಿತು ಮೆಲ್ಲನೆ ಮಾತನಾಡುವ ಒಂದು ಗೃಹ್ಯವಾದ ಸ್ವಭಾವ ಬಂದಿರುವುದಕ್ಕೆ ಕಾರಣವನ್ನು ಆ ವಿಠ್ಠಲ ವಿಹಾರದ ಸಂಜೆಗಳಲ್ಲಿಯೇ ಹುಡುಕಬೇಕು.

ಭಾರತದಲ್ಲಿ ಬಾನುಲಿಯ ಪೂರ್ವಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. 1921ರ ಆಗಸ್ಟ್ ತಿಂಗಳಿನಲ್ಲಿ ಮುಂಬಯಿಯ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯವರು ಅಂಚೆ ತಂತಿ ಇಲಾಖೆಯ ನೆರವಿನಿಂದ ಒಂದು ಸಂಗೀತ ಕಾರ್ಯಕ್ರಮವನ್ನು ಬಿತ್ತರಿಸಿದರು. ಗವರ್ನರ್ ಸರ್ ಜಾರ್ಜ್ ಲಾಯ್ಡರು ಅದನ್ನು ಪುಣೆಯಲ್ಲಿದ್ದುಕೊಂಡು ಕೇಳಿದರು. 1923ರಲ್ಲಿ ಮುಂಬಯಿಯಲ್ಲಿಯೂ ಕಲ್ಕತ್ತೆಯಲ್ಲಿಯೂ ರೇಡಿಯೋ ಕ್ಲಬ್ಬುಗಳು ಪ್ರಸಾರವನ್ನು ಪ್ರಾರಂಭಿಸಿದವು. ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಉತ್ಸಾಹದಿಂದ 1924ರಲ್ಲಿ ಸ್ಥಾಪಿತವಾದ ಕ್ಲಬ್ಬು 40 ವ್ಯಾಟಿನ ಯಂತ್ರದಿಂದ ಅದೇ ವರ್ಷದ ಜುಲೈ 31ರಂದು ಕಾರ್ಯಕ್ರಮಗಳನ್ನು ಆರಂಭಿಸಿ, ಮೂರು ವರ್ಷ ಹೇಗೋ ನಡೆದು, ಹಣದ ಮುಗ್ಗಟ್ಟಿನಿಂದ ನಿಂತಿತು. 1927ರಲ್ಲಿ ಆರು ಲಕ್ಷ ರೂಪಾಯಿಗಳ ಬಂಡವಾಳದೊಡನೆ ಹೊರಟ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬಯಿ ಕಲ್ಕತ್ತೆಗಳಲ್ಲಿ ಒಂದೂವರೆ ಕಿಲೋವ್ಯಾಟಿನ ಕೇಂದ್ರಗಳನ್ನು ಕಟ್ಟಿತು. ವರ್ಷಕ್ಕೆ ಹತ್ತು ರೂಪಾಯಿ ಕೊಟ್ಟು ಲೈಸೆನ್ಸ್ ಪಡೆದವರ ಸಂಖ್ಯೆ ಇಡೀ ದೇಶದಲ್ಲಿ ಎಂಟು ಸಾವಿರವನ್ನೂ ಮುಟ್ಟದೆ, 1930ರ ಮಾರ್ಚ್ ತಿಂಗಳಿಗೆ ಕಂಪನಿ ಮುಳುಗಿತು. ಸರ್ಕಾರ ಅದನ್ನು ಮನಸ್ಸಿಲ್ಲದ ಮನಸ್ಸಿನಿಂದ ಎತ್ತಿಕೊಂಡಿತು.

ಈ ಕಥೆಯಲ್ಲಿ ನನ್ನನ್ನು ಅತಿಶಯವಾಗಿ ಸೆಳೆಯುವುದು ಮದರಾಸಿನ ಉತ್ತರಾರ್ಧ. ನಿಂತುಹೋದ ಕ್ಲಬ್ಬಿನ ಯಂತ್ರವನ್ನು ಆ ನಗರದ ಕಾರ್ಪೊರೇಷನ್ನಿನವರು ಪಡೆದುಕೊಂಡು, 1930ರ ಏಪ್ರಿಲ್ ಒಂದರಿಂದ ಸಾಯಂಕಾಲದ ಹೊತ್ತು ಸಂಗೀತವನ್ನು ಬಿತ್ತರಿಸತೊಡಗಿದರು; ಪೆಟ್ಟಿಗೆ ಕೊಳ್ಳಲಾರದ ಜನ ಸಮುದ್ರತೀರದಲ್ಲಿಯೂ ಉದ್ಯಾನಗಳಲ್ಲಿಯೂ ಧ್ವನಿವರ್ಧಕಗಳ ಕೆಳಗೆ ಕುಳಿತು ಕೇಳಿದರು. ಹಾಲು, ನೀರು, ಬೀದಿದೀಪಗಳಂತೆ ಸಂಗೀತವೂ ಪೌರರಿಗೆ ಸಲ್ಲಬೇಕಾದ ಒಂದು ಸೌಕರ್ಯವೆಂದು ಒಂದು ಪುರಸಭೆ ಭಾವಿಸಿದ್ದು ಸಾಮಾನ್ಯವಾದ ಸಂಗತಿಯಲ್ಲ. ಮದರಾಸಿನಲ್ಲಿ ಬಾನುಲಿ ಬಯಲಿಗೆ ಬಂದಿತು. ಮೈಸೂರಿನಲ್ಲಿ ಮನೆಯಿಂದ ಹೊರಟು ಮನೆಗೆ ಹೋಯಿತು. ಇವೆರಡರ ನಡುವಿನ ಅಂತರ ಸಣ್ಣದೆಂದು ನನಗೆ ತೋರುವುದಿಲ್ಲ.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞರಲ್ಲಿ ವ್ಯಾಸಂಗ ಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ವಿಭಾಗವನ್ನು ಕಟ್ಟಿದವರು. ಮನುಷ್ಯನ ಚಿತ್ತವನ್ನು ಅಳೆಯುವ ಶಾಸ್ತ್ರದಲ್ಲಿ ಪರಿಣತರಾದವರು ಮನುಷ್ಯನ ಕಿವಿಗೆ ಉಣಿಸುವ ಯಂತ್ರವನ್ನು ಮನೆಯೊಳಗೆ ತಂದಿಟ್ಟುಕೊಂಡದ್ದು ಹೊರನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಆದರೆ ಒಂಟಿಯಾಗಿ ಕುಳಿತ ಕೇಳುಗನ ಮನಸ್ಸಿನಲ್ಲಿ ಕಾಣದ ದನಿಯೊಂದು ಯಾವ ಭಾವವನ್ನು ಎಬ್ಬಿಸೀತು ಎಂಬ ಕುತೂಹಲ ಇಂಜಿನಿಯರನಿಗಿಂತ ಮನಶ್ಶಾಸ್ತ್ರಜ್ಞನಿಗೇ ಹೆಚ್ಚು ಸಹಜವಲ್ಲವೆ? ಅವರಿಗೆ ಹೆಗಲು ಕೊಟ್ಟವರಲ್ಲಿ ಪ್ರಮುಖರು ನಾ. ಕಸ್ತೂರಿ. ಕೇರಳದಲ್ಲಿ ಹುಟ್ಟಿ, ಕನ್ನಡವನ್ನು ಕಲಿತು, ಕನ್ನಡಿಗರನ್ನೇ ನಗಿಸುವ ಮಟ್ಟಕ್ಕೆ ಆ ಭಾಷೆಯಲ್ಲಿ ಪಳಗಿ, `ಅನರ್ಥಕೋಶ'ವನ್ನು ಬರೆದ ಆ ಮಹನೀಯರೇ ಈ ಕೇಂದ್ರಕ್ಕೆ `ಆಕಾಶವಾಣಿ' ಎಂಬ ನಾಮಕರಣವನ್ನು ಮಾಡಿದವರೆಂದು ಮೈಸೂರಿನ ಜನ ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಬ್ರಿಟಿಷ್ ಇಂಡಿಯಾದ ಸರ್ಕಾರಿ ಸಂಸ್ಥೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ಪಡೆದದ್ದು 1936ರ ಜೂನ್ 8ರಂದು, ಎಂದರೆ ವಿಠ್ಠಲ ವಿಹಾರದ ಮೊದಲ ಸಂಜೆಯಾದ ಒಂಬತ್ತು ತಿಂಗಳ ಅನಂತರ. ಆ ಮಹಾಸಂಸ್ಥೆಯೇ 1950ರ ದಶಕದಲ್ಲಿ ಈ ಮನೆಯ ಕೂಸಿನ ಹೆಸರನ್ನು ತಾನು ಇಟ್ಟುಕೊಂಡಿತು.

ಆ ಹೆಸರಿನ ಔಚಿತ್ಯವನ್ನು ಕುರಿತು ಎರಡು ಮಾತು ಹೇಳಬೇಕು. ಕಾಣದ ಬಾಯಿಂದ ಬರುವ ಮಾತು ನಮ್ಮ ಜನಕ್ಕೆ ಹೊಸದಾಗಿರಲಿಲ್ಲ. ಮಹಾಭಾರತದಲ್ಲಿ ದುಷ್ಯಂತನು ತುಂಬಿದ ಸಭೆಯಲ್ಲಿ ಶಕುಂತಲೆಯನ್ನೂ ಮಗನನ್ನೂ ಅರಿಯೆನೆಂದು ತಳ್ಳಿದಾಗ, ಅವರನ್ನು ಸ್ವೀಕರಿಸೆಂದು ಹೇಳುವುದು ಅಶರೀರವಾಣಿ. ಕಾಳಿದಾಸನ ನಾಟಕದಲ್ಲಿ ಯಾತ್ರೆಯಿಂದ ಮರಳಿದ ಕಣ್ವಮಹರ್ಷಿಗೆ ಮಗಳ ವಿವಾಹದ ವಾರ್ತೆಯನ್ನು ಅಗ್ನಿಗೃಹದಲ್ಲಿ ತಿಳಿಸುವುದೂ ಛಂದೋಬದ್ಧವಾದ ಅಂಥದೊಂದು ವಾಣಿಯೇ. ಕಂಸನಿಗೆ ಸಾವಿನ ಸುದ್ದಿಯನ್ನು ಹೇಳಿದ್ದು ಅದೇ. ಓದು ಬರಹವಿಲ್ಲದ ಹಳ್ಳಿಗನೂ ಬಯಲಾಟದಲ್ಲಿಯೋ ಕಂಪನಿ ನಾಟಕದಲ್ಲಿಯೋ ತೆರೆಯ ಹಿಂದಿನಿಂದ ಬರುವ ಆ ದನಿಯನ್ನು ಕೇಳಿದ್ದವನು. ಅದು ಕೇಳಿದೊಡನೆ ರಂಗದ ಮೇಲಿನ ರಾಜನೂ ಕತ್ತೆತ್ತಿ ಕೈಜೋಡಿಸುವುದನ್ನು ಕಂಡಿದ್ದವನು. ಹೀಗೆ ಸಾವಿರ ವರ್ಷಗಳಿಂದ ಕಿವಿ ಹದಗೊಂಡಿದ್ದ ಜನಕ್ಕೆ ರೇಡಿಯೋ ಎಂಬ ಪರಕೀಯ ಯಂತ್ರವನ್ನು ಪರಿಚಯ ಮಾಡಿಕೊಡುವಾಗ, ಅವರು ಆಗಲೇ ಬಲ್ಲ ಹೆಸರನ್ನು ಅದಕ್ಕೆ ಇಟ್ಟದ್ದು ಬರಿಯ ಭಾಷಾಂತರವಲ್ಲ. ಅದು ಒಂದು ವಸ್ತುವನ್ನು ಮನೆತುಂಬಿಸಿಕೊಳ್ಳುವ ಕ್ರಮ.

ಇನ್ನು ಕೇಳುವವರ ಮನೆಗೆ ಬರೋಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿ, ಕೆಲವೇ ವರ್ಷಗಳಲ್ಲಿ ಮೈಸೂರಿಗೂ ಬಂದಿದ್ದುದರಿಂದ, ಆ ಪಟ್ಟಣದಲ್ಲಿ ರೇಡಿಯೋ ಇಡುವವರಿಗೆ ಒಂದು ದೊಡ್ಡ ತೊಡಕು ತಪ್ಪಿತ್ತು. ಹಳ್ಳಿಯಲ್ಲಿ ಪೆಟ್ಟಿಗೆ ಇಟ್ಟವರು ಕಾರಿನ ಬ್ಯಾಟರಿಯಂಥ ಭಾರವಾದ ಬ್ಯಾಟರಿಯನ್ನು ಚಾರ್ಜು ಮಾಡಿಸಲು ಗಾಡಿಯ ಮೇಲೆ ಪೇಟೆಗೆ ಕಳುಹಿಸಬೇಕಾಗಿತ್ತು. ಅದು ಮರಳಿ ಬರುವವರೆಗೆ ಆಕಾಶ ಮೌನವಾಗಿರುತ್ತಿತ್ತು. ಆದರೂ ಪಟ್ಟಣದಲ್ಲಿ ಕೂಡ ಪೆಟ್ಟಿಗೆಯಿದ್ದ ಮನೆ ಬೀದಿಗೊಂದು ಸಿಕ್ಕಿದರೆ ಹೆಚ್ಚು. ಆ ಮನೆಯ ಜಗಲಿ ಸಂಜೆಯ ಹೊತ್ತಿಗೆ ತಾನಾಗಿಯೇ ತುಂಬುತ್ತಿತ್ತು.

ನಾನು ಕಂಡದ್ದು ಇದರ ಮುಂದಿನ ತಲೆಮಾರಿನ ಪೆಟ್ಟಿಗೆಯನ್ನು. ಆದರೆ ಅದರ ಉಪಚಾರದ ಕ್ರಮದಲ್ಲಿ ಹೆಚ್ಚು ಬದಲಾವಣೆಯೇನೂ ಆಗಿರಲಿಲ್ಲ. ನಮ್ಮ ತಾತನ ಮನೆಯ ನಡುಮನೆಯಲ್ಲಿ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದ ಗೂಡುಹಲಗೆಯ ಮೇಲೆ, ಅಂಚಿಗೆ ಕಸೂತಿ ಹಾಕಿದ ಬಟ್ಟೆಯನ್ನು ಹೊದ್ದುಕೊಂಡು ಅದು ಕುಳಿತಿರುತ್ತಿತ್ತು. ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ತಾಮ್ರದ ಜಾಲರಿಯ ಪಟ್ಟಿಯೊಂದನ್ನು ಬಿಗಿದಿದ್ದರು, ಅದು ಏರಿಯಲ್. ಅಜ್ಜಿ ದೇವರಿಗೆ ದೀಪ ಹಚ್ಚಿ ಬಂದ ಮೇಲೆ, ತಾತ ಆ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟು ಗುಂಡಿ ತಿರುಗಿಸುತ್ತಿದ್ದರು. ಕೂಡಲೇ ದನಿ ಬರುತ್ತಿರಲಿಲ್ಲ. ನಾವು ಚಡಪಡಿಸಿದರೆ, ``ತಾಳೋ ಮಗು, ವಾಲ್ವು ಕಾವೇರಬೇಕು,'' ಎನ್ನುತ್ತಿದ್ದರು. ಪೆಟ್ಟಿಗೆಯ ಹಿಂಭಾಗದ ತೂತುಗಳಲ್ಲಿ ಇಣುಕಿದರೆ ಗಾಜಿನ ಬುರುಡೆಗಳೊಳಗೆ ಕೆಂಡದ ಎಳೆಯಂಥ ಬೆಳಕು ನಿಧಾನವಾಗಿ ಮೂಡುವುದು ಕಾಣುತ್ತಿತ್ತು. ಬಿಸಿಯಾದ ಧೂಳಿನ ವಾಸನೆ ಮೂಗಿಗೆ ಬರುತ್ತಿತ್ತು. ಆಮೇಲೆ ಬಹಳ ದೂರದಲ್ಲಿ ಮಳೆ ಸುರಿದಂತೆ ಒಂದು ಮೊರೆತ. ಅದರ ನಡುವಿನಿಂದ, ಹೊಳೆಯ ಆಚೆ ದಡದಿಂದ ಯಾರೋ ಕರೆದಂತೆ, ಶ್ರುತಿಯ ಎಳೆ. ಪೋಸ್ಟಾಫೀಸಿನಲ್ಲಿ ವರ್ಷವರ್ಷವೂ ಹಣ ಕಟ್ಟಿ ಸ್ಟಾಂಪು ಅಂಟಿಸಿಕೊಂಡು ಬರುತ್ತಿದ್ದ ಲೈಸೆನ್ಸ್ ಪುಸ್ತಕವನ್ನು ತಾತ ಜಾತಕಗಳಿದ್ದ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದರು. ಮನೆಯ ಸದಸ್ಯರ ಕಾಗದಪತ್ರಗಳಿಗೆ ಅಲ್ಲವೆ ಆ ಸ್ಥಾನ?

ಕಾಯುವ ಆ ಒಂದು ನಿಮಿಷವನ್ನು ನಾನು ಹಗುರವಾಗಿ ಎಣಿಸಲಾರೆ. ಗುಂಡಿ ಒತ್ತಿದೊಡನೆ ಬರುವ ಸಂಗೀತವನ್ನು ಕೇಳುವ ಕಿವಿಯೇ ಬೇರೆ. ಕಾದು, ಮೊರೆತದೊಳಗಿಂದ ಸ್ವರವನ್ನು ಹೆಕ್ಕಿಕೊಂಡು ಕೇಳುವ ಕಿವಿಯೇ ಬೇರೆ. ಮಳೆಗಾಲದಲ್ಲಿ ಮಿಂಚು ಹೊಳೆದರೆ ಪೆಟ್ಟಿಗೆ ಸಿಡಿಗುಟ್ಟುತ್ತಿತ್ತು. ಇರುಳು ಬೆಳೆದಂತೆ ದೂರದ ನಿಲಯಗಳು ಸ್ಪಷ್ಟವಾಗುತ್ತಿದ್ದವು. ಹಗಲಿನಲ್ಲಿ ಮಧ್ಯಮ ತರಂಗಗಳನ್ನು ಹೀರಿಕೊಳ್ಳುವ ವಾಯುಮಂಡಲದ ಮೇಲಣ ಪದರವೊಂದು ಸೂರ್ಯನು ಮುಳುಗಿದ ಮೇಲೆ ಕರಗಿಹೋಗಿ, ಅದಕ್ಕೂ ಎತ್ತರದ ಇನ್ನೊಂದು ಪದರ ಅವುಗಳನ್ನು ಕನ್ನಡಿಯಂತೆ ಭೂಮಿಗೆ ಮರಳಿಸುವುದೇ ಇದಕ್ಕೆ ಕಾರಣವೆಂದು ಆಮೇಲೆ ಓದಿ ತಿಳಿದೆ. ಸಂಜೆಗೂ ಬಾನುಲಿಗೂ ಇದ್ದ ನಂಟು ಮನುಷ್ಯರ ಬಿಡುವಿನಿಂದ ಮಾತ್ರ ಬಂದದ್ದಲ್ಲ. ಪ್ರಕೃತಿಯೂ ಆ ಹೊತ್ತನ್ನೇ ಒಪ್ಪಿತ್ತು.

ಸಂಗೀತದ ಮಾತಿಗೆ ಬಂದರೆ, ಆ ದಶಕದ ಮೈಸೂರಿಗೆ ಅದರಲ್ಲಿ ಬಡತನವೆಂಬುದಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಾಸುದೇವಾಚಾರ್ಯರಿದ್ದರು, ಮುತ್ತಯ್ಯ ಭಾಗವತರಿದ್ದರು, ಶೇಷಣ್ಣನವರ ಶಿಷ್ಯರಾದ ವೀಣೆ ವೆಂಕಟಗಿರಿಯಪ್ಪನವರಿದ್ದರು; ಬಿಡಾರಂ ಕೃಷ್ಣಪ್ಪನವರು ತಮ್ಮ ದುಡಿಮೆಯ ಹಣದಿಂದ ಕಟ್ಟಿಸಿದ ರಾಮಮಂದಿರವಿತ್ತು; ಅವರ ಶಿಷ್ಯರಾದ ಪಿಟೀಲು ಚೌಡಯ್ಯನವರು ದಕ್ಷಿಣ ದೇಶದಲ್ಲೆಲ್ಲ ಹೆಸರಾಗಿದ್ದರು. ಆದರೆ ಆ ಸಂಗೀತ ಬೆಳೆದದ್ದು ಕಣ್ಣೆದುರಿನ ಸಭೆಗಾಗಿ. ರಾಮನವಮಿಯ ಚಪ್ಪರದಲ್ಲಿ, ಗಣೇಶೋತ್ಸವದ ಪೆಂಡಾಲಿನಲ್ಲಿ, ಮೈಕಿನ ನೆರವಿಲ್ಲದೆ, ಕೊನೆಯ ಸಾಲಿನವನಿಗೂ ಕೇಳುವಂತೆ ನಾಲ್ಕೈದು ಗಂಟೆ ಹಾಡಬೇಕು, ಶಾರೀರ ಗಟ್ಟಿಯಾಗಿರಬೇಕು, ರಸಿಕರ ಭಲೇ ಎಂಬ ಮೆಚ್ಚಿಕೆಯಿಂದ ಹುರುಪುಗೊಂಡು ಪಲ್ಲವಿಯನ್ನು ಬೆಳೆಸಬೇಕು. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳ ಜೊತೆಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ವಾದ್ಯವನ್ನು ನಿರ್ಮಿಸಿಕೊಂಡದ್ದಾದರೂ ಏಕೆ? ಹಿಂದಿನ ಸಾಲಿನ ಶ್ರೋತೃಗಳಿಗೆ ನಾದ ಮುಟ್ಟಲಿ ಎಂದೇ.

ಇಂಥ ವಿದ್ವಾಂಸರ ಮುಂದೆ ಬಾನುಲಿ ಇಟ್ಟದ್ದು ಒಂದು ಮುಚ್ಚಿದ ಕೋಣೆ, ಒಂದು ಮೈಕ್ರೊಫೋನು ಮತ್ತು ಒಂದು ಗಡಿಯಾರ. ಪ್ರತಿಧ್ವನಿ ಏಳದಂತೆ ಗೋಡೆಗಳಿಗೆ ದಪ್ಪ ಪರದೆ ಕಟ್ಟಿ, ನೆಲಕ್ಕೆ ಜಮಖಾನ ಹಾಸಿ, ಕಿಟಕಿಗಳನ್ನು ಮುಚ್ಚುವುದು ಆ ಕಾಲದ ನಿಲಯಗಳ ಪದ್ಧತಿ. ಫ್ಯಾನಿನ ಸದ್ದನ್ನೂ ಸಹಿಸದ ಆ ಕೋಣೆಯಲ್ಲಿ ಹಾಡುವವರ ಮೈ ಬೆವರಿನಿಂದ ತೊಯ್ಯುತ್ತಿತ್ತು. ಒಂದೇ ಮೈಕ್ರೊಫೋನಿನಿಂದ ಎಲ್ಲ ವಾದ್ಯಗಳೂ ಹದವಾಗಿ ಕೇಳಬೇಕಾದ್ದರಿಂದ, ಹಾಡುವವರನ್ನು ಹತ್ತಿರ ಕೂರಿಸಿ, ಪಿಟೀಲಿನವರನ್ನು ಒಂದು ಮೊಳ ಸರಿಸಿ, ಮೃದಂಗವನ್ನು ಮೂಲೆಗೆ ಕಳುಹಿಸಬೇಕು. ಇಂದು ಗುಂಡಿಗಳಿಂದ ಮಾಡುವ ಕೆಲಸವನ್ನು ಅಂದು ಚಾಪೆಗಳನ್ನು ಎಳೆದು ಮಾಡುತ್ತಿದ್ದರು. ತೊಡೆಗೆ ತೊಡೆ ತಾಕುವಂತೆ ಕುಳಿತು, ಕಣ್ಣಸನ್ನೆಯಲ್ಲಿಯೇ ಮಾತನಾಡಿಕೊಂಡು ನುಡಿಸುತ್ತಿದ್ದ ಪಕ್ಕವಾದ್ಯದವರಿಗೆ ಈ ದೂರ ಎಷ್ಟು ಅಸಹಜವಾಗಿ ತೋರಿರಬೇಕು! ತಲೆದೂಗುವವರಿಲ್ಲ, ತೊಡೆ ತಟ್ಟಿ ತಾಳ ಹಾಕುವವರಿಲ್ಲ, ಪೂರ್ವಾಂಗದಲ್ಲಿ ರಾಗ ಈಗಷ್ಟೆ ಕಣ್ಣು ಬಿಡುತ್ತಿದೆ ಎನ್ನುವಾಗ ಗೋಡೆಯ ಮೇಲಿನ ಮುಳ್ಳು ಮಂಗಳ ಹಾಡೆಂದು ಹೇಳುತ್ತದೆ.

ಗ್ರಾಮಫೋನು ಈ ಬಗೆಯ ಸಂಕ್ಷೇಪವನ್ನು ಆಗಲೇ ಕಲಿಸಿತ್ತು. ತಟ್ಟೆಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಬಾನುಲಿಯ ಅರ್ಧ ಗಂಟೆ ಅದಕ್ಕೆ ಹೋಲಿಸಿದರೆ ಔದಾರ್ಯವೇ ಸರಿ. ಗಡಿಯಾರ ನಮ್ಮ ಸಂಗೀತವನ್ನು ಕೆಡಿಸಿತೆಂದು ಹಿರಿಯರು ಅನೇಕರು ಹೇಳುತ್ತ ಬಂದಿದ್ದಾರೆ. ನಾನು ಆ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ಪಲ್ಲವಿಯ ವಿಸ್ತಾರಕ್ಕೆ ನಷ್ಟವಾಯಿತು, ನಿಜ. ಮನೋಧರ್ಮಕ್ಕೆ ಲಗಾಮು ಬಿದ್ದಿತು, ನಿಜ. ಆದರೆ ವೀಣೆಯನ್ನು ನೆನೆಯಿರಿ. ಸಾವಿರ ಜನರ ಚಪ್ಪರದಲ್ಲಿ ಮೂರನೆಯ ಸಾಲನ್ನು ದಾಟಲಾರದ ಆ ಮೃದುವಾದ ವಾದ್ಯ, ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದು ನಾಲ್ಕು ಸ್ವರಗಳನ್ನು ಮೂಡಿಸುವ ಆ ಕುಸುರಿ, ಮೈಕ್ರೊಫೋನಿನ ಮುಂದೆ ಮೊಟ್ಟಮೊದಲಿಗೆ ತನ್ನ ಪೂರ್ಣವಾದ ದನಿಯನ್ನು ಪಡೆಯಿತು. ಅರಮನೆಯ ಕೋಣೆಯಲ್ಲಿ ಹತ್ತಾರು ಜನ ಮಾತ್ರ ಕೇಳಬಹುದಾಗಿದ್ದುದನ್ನು ಅಗ್ರಹಾರದ ಮನೆಯ ಹೆಂಗಸರು ಅಕ್ಕಿ ಆರಿಸುತ್ತ ಕೇಳುವಂತಾಯಿತು. ಕುಮಾರವ್ಯಾಸನ ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೂ ಹಾಗೆಯೇ. ಅದು ಮೂಲತಃ ಜಗಲಿಯ ಕಲೆ, ಒಂದು ದೀಪ ಮತ್ತು ಹತ್ತು ಕಿವಿಗಳ ಕಲೆ. ಬಾನುಲಿ ಅದಕ್ಕೆ ಜಗಲಿಯನ್ನು ತಪ್ಪಿಸದೆಯೇ ನಾಡನ್ನು ಒದಗಿಸಿತು. ದೊಡ್ಡ ದನಿಯ ಸಂಗೀತಕ್ಕೆ ಆದ ನಷ್ಟವನ್ನು ಸಣ್ಣ ದನಿಯ ಸಂಗೀತಕ್ಕೆ ಬಂದ ಲಾಭದೊಡನೆ ತೂಗಿಯೇ ನ್ಯಾಯ ಹೇಳಬೇಕು.

ಅದೇ ದಿನಗಳಲ್ಲಿ ಇನ್ನೊಂದು ವಿವಾದವೂ ಎದ್ದಿತ್ತು. ನಮ್ಮ ಸಂಗೀತದ ಸೂಕ್ಷ್ಮವಾದ ಶ್ರುತಿಗಳನ್ನು ಹಿಡಿಯಲಾರದೆಂಬ ಕಾರಣದಿಂದ ಆಲ್ ಇಂಡಿಯಾ ರೇಡಿಯೋ 1940ರ ಮಾರ್ಚ್ ಒಂದರಿಂದ ಹಾರ್ಮೋನಿಯಮ್ಮನ್ನು ತನ್ನ ನಿಲಯಗಳಿಂದ ಹೊರಗಿಟ್ಟಿತು. ಆ ನಿಷೇಧ ಮೂರು ದಶಕಗಳ ಮೇಲೂ ನಡೆಯಿತು. ಶಾಸ್ತ್ರದೃಷ್ಟಿಯಿಂದ ಅದಕ್ಕೆ ಸಮರ್ಥನೆಯಿರಬಹುದು. ಆದರೆ ಕಂಪನಿ ನಾಟಕದ ಹಾಡುಗಳಲ್ಲಿಯೇ ಸಂಗೀತದ ರುಚಿ ಹತ್ತಿಸಿಕೊಂಡ ಕನ್ನಡಿಗರಿಗೆ ಕಾಲುಪೆಟ್ಟಿಗೆಯ ನಾದವಿಲ್ಲದ ಸಂಗೀತ ಎಷ್ಟೋ ಕಾಲ ಬೋಳುಬೋಳಾಗಿ ಕೇಳಿಸಿರಬೇಕು.

ಮಾತಿನ ಮೇಲೆ ಬಾನುಲಿ ಮಾಡಿದ ಪರಿಣಾಮವನ್ನು ನಾನು ಇನ್ನೂ ಹಿರಿದೆಂದು ಎಣಿಸುತ್ತೇನೆ. ಆ ಕಾಲದ ಕನ್ನಡದ ಉಪನ್ಯಾಸವೆಂದರೆ ವೇದಿಕೆ, ಅಧ್ಯಕ್ಷರು, ಹೂಮಾಲೆ, ಒಂದೂವರೆ ಗಂಟೆಯ ವಾಗ್ಧಾರೆ. ವಿಶ್ವವಿದ್ಯಾನಿಲಯದವರು ಪಂಡಿತರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿಸಿ ಅವನ್ನು ಚಿಕ್ಕ ಪುಸ್ತಕಗಳಾಗಿ ಅಚ್ಚು ಹಾಕಿಸುತ್ತಿದ್ದ ಪುಣ್ಯಕಾಲವದು. ವಿಜ್ಞಾನವನ್ನೂ ಇತಿಹಾಸವನ್ನೂ ಕನ್ನಡದಲ್ಲಿ ಹೇಳಬಹುದೆಂಬ ವಿಶ್ವಾಸ ಆಗತಾನೆ ಬೇರೂರುತ್ತಿತ್ತು. ಆ ಪಂಡಿತರು ಮೈಕ್ರೊಫೋನಿನ ಮುಂದೆ ಬಂದು ಕುಳಿತಾಗ ಹಿಡಿಯಬೇಕಾದದ್ದು ಬೇರೊಂದು ದಾರಿ. ಎದುರಿಗೆ ಸಭೆಯಿಲ್ಲ, `ಮಹನೀಯರೆ, ಮಹಿಳೆಯರೆ' ಎಂದು ದನಿಯೆತ್ತಿದರೆ ಅದು ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತ ನಾಲ್ವರಿಗೆ ಗದರಿದಂತೆ ಕೇಳುತ್ತದೆ. ಕೇಳುಗನು ಎದ್ದುಹೋದರೆ ತಿಳಿಯುವುದಿಲ್ಲ, ತೂಕಡಿಸಿದರೆ ಕಾಣುವುದಿಲ್ಲ. ಕಾಲ ಹದಿನೈದು ನಿಮಿಷ. ಆಡುವುದನ್ನೆಲ್ಲ ಮೊದಲೇ ಬರೆದು ತರಬೇಕು. ಬರೆದುದನ್ನು ಓದುತ್ತಿದ್ದರೂ ಆಡುತ್ತಿರುವಂತೆ ಕೇಳಬೇಕು. ಕಾಗದ ತಿರುಗಿಸಿದ ಸದ್ದು ಕೂಡ ಹೊರಗೆ ಕೇಳಬಾರದು. ಹಾಳೆಯ ಮೇಲೆ ನಾಲ್ಕು ಸಾಲು ಸಾಗುವ ವಾಕ್ಯವನ್ನು ಕಣ್ಣು ಮರಳಿ ಓದಿಕೊಳ್ಳಬಲ್ಲದು, ಕಿವಿಗೆ ಆ ಅನುಕೂಲವಿಲ್ಲ. ಕ್ರಿಯಾಪದ ಬರುವ ಹೊತ್ತಿಗೆ ಕರ್ತೃಪದ ಮರೆತಿರುತ್ತದೆ. ಹಳೆಯ ಶೈಲಿಯಲ್ಲಿಯೇ ಪಳಗಿದ ನನ್ನಂಥವರಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟ. ಆದರೂ ಸತ್ಯವನ್ನು ಹೇಳಬೇಕು. ಬರೆಹದ ಗಾಂಭೀರ್ಯವೂ ಮನೆಮಾತಿನ ಸಲಿಗೆಯೂ ಒಂದಾಗಿ, ಎದುರಿಗೆ ಕುಳಿತ ಒಬ್ಬ ಸಹೃದಯನನ್ನು ಮಾತ್ರ ಉದ್ದೇಶಿಸಿ ಹೇಳುವಂತಹ ಒಂದು ಹೊಸ ಗದ್ಯವನ್ನು ರೂಢಿಸುವುದರಲ್ಲಿ ಪತ್ರಿಕೆಗಳ ಜೊತೆಗೆ ಬಾನುಲಿಯ ಕೈಯೂ ಇದೆ. ಅದರ ಮೊದಲ ಪಾಠಶಾಲೆ ಯಾದವಗಿರಿಯ ಆ ಮನೆ.

ಕಾಲೇಜಿನಲ್ಲಿ ಹಗಲು ಪಾಠ ಹೇಳಿದವರೇ ಸಂಜೆ ಬಂದು ಇಲ್ಲಿ ಮಾತನಾಡುತ್ತಿದ್ದರು, ಕಾಲ್ನಡಿಗೆಯಲ್ಲಿ ಸಾಗಿದರೂ ದಣಿವಾಗದಷ್ಟು ಚಿಕ್ಕ ಊರು, ಕರೆದವರು ಸಹೋದ್ಯೋಗಿ. ಸಂಭಾವನೆಯ ಲೆಕ್ಕಕ್ಕಿಂತ ಸ್ನೇಹದ ಲೆಕ್ಕವೇ ದೊಡ್ಡದಾಗಿದ್ದ ಆ ವ್ಯವಸ್ಥೆ ಬಹುಕಾಲ ನಡೆಯುವಂಥದಲ್ಲ. ಗೋಪಾಲಸ್ವಾಮಿಯವರು ತಮ್ಮ ಸ್ವಂತ ಹಣವನ್ನೂ ಮಹಾಜನರಿಂದ ಕೂಡಿಸಿದ ಹಣವನ್ನೂ ಅದಕ್ಕೆ ಸುರಿದರು. ಸಂಬಳದ ಮೇಲೆ ಜೀವಿಸುವ ಅಧ್ಯಾಪಕರೊಬ್ಬರು ಇಂಥ ಯಂತ್ರವನ್ನು ಐದಾರು ವರ್ಷಗಳ ಕಾಲ ಸಾಕಿದರೆಂಬುದೇ ಆಶ್ಚರ್ಯ. 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. ಸಂಸ್ಥಾನಗಳು ಭಾರತದಲ್ಲಿ ವಿಲೀನವಾದ ಮೇಲೆ, 1950ರ ಏಪ್ರಿಲ್ ಒಂದರಂದು, ಅದು ಆಲ್ ಇಂಡಿಯಾ ರೇಡಿಯೋ ಸಂಸ್ಥೆಯ ಕೈಗೆ ಹೋಯಿತು. ಅದೇ ವರ್ಷದ ಜನವರಿ 8ರಂದು ಧಾರವಾಡದಲ್ಲಿ ನಿಲಯ ಪ್ರಾರಂಭವಾಗಿ, ಉತ್ತರದ ಕನ್ನಡಕ್ಕೂ ಹಿಂದೂಸ್ತಾನಿ ಸಂಗೀತಕ್ಕೂ ತನ್ನದೇ ಆದ ಬಾಯಿ ದೊರೆತಿತ್ತು. 1955ರ ನವೆಂಬರ್ 2ರಂದು ಬೆಂಗಳೂರಿನ ನಿಲಯ ಆರಂಭವಾದಾಗ ಮೈಸೂರಿನ ಕೇಂದ್ರ ಅಲ್ಲಿಗೆ ಸಾಗಿತು, ಹುಟ್ಟೂರು ಮೌನವಾಯಿತು. ಸುಮಾರು ಎರಡು ದಶಕಗಳ ಮೌನದ ಅನಂತರ, 1974ರ ನವೆಂಬರ್‌ನಲ್ಲಿ, ಮೈಸೂರಿನಲ್ಲಿ ನಿಲಯ ಮತ್ತೆ ತೆರೆಯಿತು.

ಈ ಬರೆಹವನ್ನು ಬರೆಯುತ್ತಿರುವಾಗ ನನ್ನನ್ನು ಬಿಡದೆ ಕಾಡಿದ ಒಂದು ಸಂಗತಿಯಿದೆ. ಆ ಪ್ರಸಾರಗಳು ನೇರವಾಗಿ ನಡೆದವು. ಹಾಡಿದ್ದು ಹಾಡಿದ ಕ್ಷಣದಲ್ಲಿಯೇ ಗಾಳಿಗೆ ಸಂದಿತು. ಟೇಪಿನ ಯಂತ್ರ ನಮ್ಮ ನಿಲಯಗಳಿಗೆ ಬಂದದ್ದು ಬಹಳ ಆಮೇಲೆ. ಮೇಣದ ತಟ್ಟೆಗಳ ಮೇಲೆ ದನಿಯನ್ನು ಕೊರೆಯಿಸುವುದು ಅಧ್ಯಾಪಕರೊಬ್ಬರ ಶಕ್ತಿಗೆ ಮೀರಿದ ವೆಚ್ಚ. ಶಾಸನವನ್ನು ಕಲ್ಲಿನ ಮೇಲೆ ಕೆತ್ತಿದವರ ನಾಡಿನಲ್ಲಿ, ತಾಳೆಗರಿಯನ್ನು ರೇಷ್ಮೆಯ ಬಟ್ಟೆಯಲ್ಲಿ ಸುತ್ತಿಟ್ಟವರ ನಾಡಿನಲ್ಲಿ, ಮೊದಲ ಬಾನುಲಿಯ ವಾಣಿ ಮಾತ್ರ ಆಕಾಶದಲ್ಲಿಯೇ ಉಳಿಯಿತು. ಆದರೆ ದನಿ ಹೋದರೂ ಅದರ ಸುತ್ತಣ ಕಾಗದಗಳು ಎಲ್ಲಿಯಾದರೂ ಇರಲೇಬೇಕು: ಹಾಡಲು ಬನ್ನಿರೆಂದು ಬಂದ ಒಕ್ಕಣೆ, ಹದಿನೈದು ನಿಮಿಷಕ್ಕೆ ತಿದ್ದಿ ತಿದ್ದಿ ಚಿಕ್ಕದು ಮಾಡಿದ ಭಾಷಣದ ಹಸ್ತಪ್ರತಿ, ಇಂದು ರೇಡಿಯೋದಲ್ಲಿ ಇಂಥವರ ವೀಣೆ ಕೇಳಿದೆವೆಂದು ಮನೆಯ ಹಿರಿಯರು ದಿನಚರಿಯಲ್ಲಿ ಬರೆದಿಟ್ಟ ಒಂದು ಸಾಲು. ಮೈಸೂರಿನ ಹಳೆಯ ಬಡಾವಣೆಗಳ ಮನೆಗಳನ್ನು ಕೆಡವಿ ಕಟ್ಟುತ್ತಿರುವ ಈ ದಿನಗಳಲ್ಲಿ ಅಟ್ಟದ ಮೇಲಿನ ಪೆಟ್ಟಿಗೆಗಳು ನೇರವಾಗಿ ತೂಕದ ಅಂಗಡಿಗೆ ಹೋಗುತ್ತಿವೆ. ಅಂಥ ಪೆಟ್ಟಿಗೆ ತಮ್ಮ ಮನೆಯಲ್ಲಿರುವ ಓದುಗರು ಅದನ್ನು ಒಮ್ಮೆ ಬಿಚ್ಚಿ ನೋಡಬೇಕೆಂದೂ, 1935ರಿಂದ 1955ರವರೆಗಿನ ಒಂದು ಚೀಟಿ ಸಿಕ್ಕಿದರೂ ಅದನ್ನು ಹತ್ತಿರದ ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂದೂ ಪ್ರಾರ್ಥಿಸುತ್ತೇನೆ.